ಬಾರ್ನೀಲ್ ಗೋಪುರದ ಕೀಲಿಕೈ

ಮೂರನೆಯ ಕೋಟೆಯ ಹೊತ್ತಿಗೆ ಎಫಿಯ ತಾಳ್ಮೆ ಕೆಟ್ಟುಹೋಗಿತ್ತು. ಕೋಟೆ ನೋಡಿ ಬಾಯಿ ಬಿಡಲು ಅವಳೇನು ಪರದೇಶದಿಂದ ಬಂದವಳೇ? ಹುಟ್ಟಿ ಬೆಳೆದದ್ದೆಲ್ಲ ಇದೇ ಗ್ಯಾಲೊವೇ ಸೀಮೆಯಲ್ಲಿ. ಇಲ್ಲಿ ಕುರಿಹೊಲಕ್ಕೊಂದು ಪಾಳುಗೋಡೆ. ಆದರೂ ವಾಟಿ ಮೆಕ್‌ಹಾರ್ಗ್ "ಭಾನುವಾರ ಕೋಟೆಗಳನ್ನ ಸುತ್ತಿ ಬರೋಣ್ವಾ?" ಎಂದು ಕೇಳಿದಾಗ ಹೊಸ ಹಸಿರು ಕೋಟು ತೊಟ್ಟು ಹೊರಟಿದ್ದಳು. ಹೆಂಡತಿ ಸತ್ತ ಗಂಡಸು, ಗಂಡ ಸತ್ತ ಹೆಂಗಸನ್ನು ಬರೀ ಕಲ್ಲು ತೋರಿಸಲು ಕರೆದೊಯ್ಯುತ್ತಾನೆಯೇ?

ಒಯ್ಯುತ್ತಾನೆ! ಬೆಳಗಿನಿಂದ ಮಹಾರಾಯ ಮಾಡುತ್ತಿದ್ದುದೇ ಅದು. ಪ್ರತಿ ಕೋಟೆಯಲ್ಲೂ ಗೋಡೆಗೊರಗಿ, ಟೋಪಿ ತೆಗೆದು, "ಎಫಿ..." ಅನ್ನುವನು. ಅವಳು ಕಿವಿ ನಿಮಿರಿಸುವಳು. ಅಷ್ಟರಲ್ಲಿ ಯಾರಾದರೂ ನಾಯಿ ಹಿಡಿದುಕೊಂಡು ಬರುವರು. ವಾಟಿ ಟೋಪಿ ಹಾಕಿಕೊಂಡು, "ಗೋಡೆ ಎಷ್ಟು ದಪ್ಪ ನೋಡು" ಅನ್ನುವನು.

ಇವತ್ತು ರಾತ್ರಿ ತಂಗಿ ನ್ಯಾನ್ ಫೋನ್ ಮಾಡುವವಳಿದ್ದಳು. ಗಡಿಯಾಚೆ ಕಾರ್ಲೈಲಿನಲ್ಲಿ ಅವಳ ಮನೆಯ ಮೇಲಿನ ಕೋಣೆ ಖಾಲಿಯಿತ್ತು. ಬರುತ್ತೀಯೋ ಇಲ್ಲವೋ ಇವತ್ತೇ ಹೇಳು ಎಂದಿದ್ದಳು. ಎಫಿಗೆ ಹೋಗಲು ಚೂರೂ ಮನಸ್ಸಿರಲಿಲ್ಲ. ಆದರೆ ಇನ್ನೊಂದು ಚಳಿಗಾಲ ಒಬ್ಬಳೇ ರೇಡಿಯೋ ಜೊತೆ ಜಗಳವಾಡಿಕೊಂಡು ಕೂರುವುದೂ ಅವಳಿಂದಾಗದು. ವಾಟಿ ಕೇಳಿದರೆ ಇಲ್ಲಿ, ಕೇಳದಿದ್ದರೆ ಕಾರ್ಲೈಲ್. ಬೆಳಗ್ಗೆ ಕಾರು ಹತ್ತಿದ ಕೂಡಲೇ ನ್ಯಾನ್ ವಿಷಯ ಅವನ ಕಿವಿಗೆ ಹಾಕಿಯೂ ಇದ್ದಳು. ಇದಕ್ಕಿಂತ ಬಿಡಿಸಿ ಹೇಗೆ ಹೇಳುವುದು?

"ಶುಂಠಿ ಕೇಕು ಚೆನ್ನಾಗಿದೆ. ನೀನೇ ಮಾಡಿದ್ದಾ?" ಎಂದು ಕೇಳಿದ ವಾಟಿ.

"ಅಲ್ಲ, ಕೋಟೆ ದೊರೆ ಕಳಿಸ್ದ."

ವಾಟಿ ನಗಲೂ ಹೆದರಿ ಕಾರು ಹೊರಡಿಸಿದ.

ಕೊನೆಗೆ ಉಳಿದದ್ದು ಎಫಿಯ ಮನೆಯ ಹಿಂದಿನ ಹೊಲದಾಚೆಗಿರುವ ಬಾರ್ನೀಲ್ ಗೋಪುರ. ಅದರ ಕೀಲಿ ತೂಗುವುದು ಅವಳ ಬಾಗಿಲ ಪಕ್ಕದ ಮೊಳೆಗೆ. ನೋಡಬೇಕೆನ್ನುವವರು ಒಯ್ದು, ನೋಡಿ, ತಂದು ತೂಗುಹಾಕಬೇಕು. ಕತ್ತಲಾಗುವ ಮೊದಲು ಬಾಗಿಲೆಳೆದು ಬೀಗ ಜಡಿಯುವುದು ಎಫಿಯ ಕೆಲಸ. ಮೊದಲು ಅವಳ ಅತ್ತೆ ಮಾಡುತ್ತಿದ್ದಳು, ಆಮೇಲೆ ಇವಳು.

"ಮೇಲೆ ಹತ್ತೋಣ್ವಾ?" ಎಂದ ವಾಟಿ. "ಮೇಲೆ ಯಾರೂ ಇರಲ್ಲ."

"ನನ್ನ ಮಂಡಿ ಕಥೆ ಗೊತ್ತಿಲ್ವಾ? ನೀನು ಹೋಗಪ್ಪ. ನಿನ್ನ ಕಲ್ಲುಗಳು ಕಾಯ್ತಿವೆ."

ಅವನು ಒಬ್ಬನೇ ಹತ್ತಿದ. ಎಫಿ ಬಾಗಿಲಲ್ಲಿ ಶತಪಥ ಹಾಕಿದಳು. ಮಳೆ ಹನಿಯತೊಡಗಿತು. ಸಾಕು, ಇವತ್ತೇ ನ್ಯಾನ್‌ಗೆ ಹೂಂ ಅಂದುಬಿಡುತ್ತೇನೆ, ಪಾತ್ರೆ ಪಗಡ ಕಟ್ಟುತ್ತೇನೆ, ಈ ಮೂಕಬಸವ ತನ್ನ ಗೋಡೆಗಳನ್ನೇ ಮದುವೆಯಾಗಲಿ ಎಂದು ಗೊಣಗುತ್ತಾ, ದಿನದ ರೂಢಿಯಂತೆ ಬಾಗಿಲೆಳೆದಳು, ಬೀಗ ತಿರುಗಿಸಿದಳು, ಹೊಲ ದಾಟಿದಳು, ಕೀಲಿಯನ್ನು ಮೊಳೆಗೆ ತಗುಲಿಸಿದಳು. ನೀರು ಕಾಯಲಿಟ್ಟು ಎರಡು ಕಪ್ಪು ತೆಗೆದಳು.

ಎರಡನೆಯ ಕಪ್ಪು ಕಂಡು ಕೈ ನಿಂತಿತು.

"ಅಯ್ಯೋ ದೇವರೇ!"

ಕೋಟೂ ಹಾಕಿಕೊಳ್ಳದೆ, ಮಂಡಿಯನ್ನೂ ಮರೆತು, ಮೊಳೆಯಿಂದ ಕೀಲಿ ಕಿತ್ತುಕೊಂಡು ಓಡಿದಳು. ವಾಟಿ ಗೋಪುರದ ತುದಿಯಲ್ಲಿ ಟೋಪಿ ಹಿಡಿದುಕೊಂಡು ತೊಯ್ದು ತೊಪ್ಪೆಯಾಗಿ ನಿಂತಿದ್ದ.

"ನಾನು ಬೀಗ ಹಾಕಿದ್ದು ನೋಡ್ಲಿಲ್ವೇನೋ?"

"ನೋಡ್ದೆ."

"ಮತ್ತೆ ಕೂಗೋಕೇನಾಗಿತ್ತು ನಿನ್ನ ಬಾಯಿಗೆ?"

ವಾಟಿ ಟೋಪಿ ಹಿಂಡಿದ. "ಅದೇ ನಿನ್ನ ಉತ್ತರ ಅಂದ್ಕೊಂಡೆ."

"ಯಾವುದಕ್ಕೆ ಉತ್ತರ? ನೀನು ಕೇಳಿದ್ದು ಯಾವಾಗ?"

"ಬೆಳಗ್ಗೆಯಿಂದ ಕೇಳ್ತಾನೇ ಇದ್ದೀನಲ್ಲ, ಎಫಿ. ಮನಸ್ಸಲ್ಲಿ."

ಎಫಿಗೆ ನಗು ಬಂತು, ಅದರ ಬೆನ್ನಿಗೇ ಭಯವೂ ಬಂತು. ಬೀಗ ಬಿದ್ದರೂ ಬಾಯಿಬಿಡದೆ ಮಳೆಯಲ್ಲಿ ನೆನೆಯುವ ಗಂಡಸು ಇವನು. ನಾಳೆ ತಾನು ಕಾರ್ಲೈಲಿಗೆ ಹೊರಟರೂ ಹೀಗೆಯೇ ದೂರದಲ್ಲಿ ನಿಂತು, ಟೋಪಿ ಹಿಂಡುತ್ತಾ ನೋಡಿಕೊಂಡಿರುತ್ತಾನೆ. ಅವಳು ಕೀಲಿಯನ್ನು ಮೇಲೆತ್ತಿ ತೋರಿಸಿದಳು.

"ಈಗ ಬಾಯಲ್ಲಿ ಕೇಳು. ಜೋರಾಗಿ. ಕೇಳೋ ತನಕ ಬಾಗಿಲು ತೆಗೆಯಲ್ಲ!"

ವಾಟಿ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ಜಮೀನಿನ ಗ್ರಿಜೆಲ್, ನಾಯಿ ಹಿಡಿದುಕೊಂಡು ಗೇಟಿನ ಹತ್ತಿರ ಬಂದು ನಿಂತಳು. ಇಬ್ಬರನ್ನೂ ನೋಡಿದಳು. ಹೋಗುವ ಲಕ್ಷಣ ಕಾಣಲಿಲ್ಲ. ವಾಟಿಯ ಕೈ ಟೋಪಿಯನ್ನು ತಲೆಯ ತನಕ ಎತ್ತಿತು. ಮುಗೀತು, ಇನ್ನು ಗೋಡೆ ಎಷ್ಟು ದಪ್ಪ ಅನ್ನುತ್ತಾನೆ ಎಂದುಕೊಂಡಳು ಎಫಿ.

ಟೋಪಿ ಬಂದು ಅವಳ ಕಾಲ ಬುಡದಲ್ಲಿ ಬಿತ್ತು.

"ಎಫಿ! ನನ್ನನ್ನ ಮದುವೆ ಆಗ್ತೀಯಾ?"

ಹೊಲದ ಕುರಿಗಳೆಲ್ಲ ತಲೆಯೆತ್ತಿದವು. ಗ್ರಿಜೆಲ್ ಗೇಟಿನಿಂದಲೇ ಕೂಗಿದಳು: "ಅಂತೂ ಕೇಳಿದ್ಯಲ್ಲೋ ಮಾರಾಯ! ಹೂಂ ಅನ್ನೇ ಎಫಿ, ನನ್ನ ನಾಯಿ ನೆನೀತಿದೆ!"

"ಹೂಂ!" ಎಂದು ಎಫಿ ಕೂಗಿದಳು. ಬೀಗ ತೆಗೆದು, ಕತ್ತಲ ಮೆಟ್ಟಿಲುಗಳತ್ತ ಮುಖ ಮಾಡಿದಳು.

"ಕಲ್ಲು ಒದ್ದೆಯಾಗಿದೆ, ನಿಧಾನಕ್ಕೆ ಇಳಿ ವಾಟಿ... ಬೇಡ, ನಿಧಾನ ಮಾಡಿದ್ದು ಸಾಕು. ಬೇಗ ಬಾ!"