ಬಿರುಕಿನ ಅಳತೆ

ಹೊಸ ಮನೆಯ ಗೋಡೆಗಳು ವರ್ಷ ತುಂಬುವುದರೊಳಗೆ ಬಿರುಕು ಬಿಟ್ಟು ನೀರು ಜಿನುಗತೊಡಗಿದಾಗ, ಟೈಲರಮ್ಮ ಆ ಬಿಲ್ಡರ್ ಮಹಾನುಭಾವನ ಮೇಲೆ ಕೆಂಡ ಕಾರುತ್ತ ಒಂದು ವೆಬ್‌ಸೈಟ್ ತೆರೆದಿದ್ದಳು. ಅಳತೆ ಹಿಡಿಯದೆ ದೂರಬಾರದು ಎಂಬುದು ಅವಳ ಹಟ. ಹಾಗಾಗಿ ಪ್ರತಿ ಬಿರುಕಿನ ಪಕ್ಕ ತನ್ನ ಹೊಲಿಗೆಯ ಟೇಪು ಹಿಡಿದೇ ಫೋಟೊ ತೆಗೆಯುತ್ತಿದ್ದಳು. ಅದೇ ಬಿಲ್ಡರ್ ಕಟ್ಟಿದ ಆ ಸಾಲಿನ ಮನೆಯವರೆಲ್ಲ ಅದನ್ನು ನೋಡಿ ಧೈರ್ಯ ತಂದುಕೊಳ್ಳುತ್ತಿದ್ದರು.

ಈಗ ಆ ವೆಬ್‌ಸೈಟೇ ಮಾಯವಾಗಿತ್ತು. ಕೇಳಲು ಬಂದವಳು ಪಕ್ಕದ ಮನೆಯ ನರ್ಸು. ಸೊಂಟದ ಮೇಲೆ ಕೆಮ್ಮುವ ಮಗು.

"ಅಕ್ಕಾ, ನೀವೂ ನಮ್ಮ ಕೈ ಬಿಟ್ರಾ?"

ಗೋಡೆ ರಿಪೇರಿ ಮಾಡಿಕೊಡುತ್ತೇವೆ, ವೆಬ್‌ಸೈಟ್ ಮುಚ್ಚಬೇಕು, ಆಮೇಲೆ ಯಾರ ಮುಂದೆಯೂ ತುಟಿ ಪಿಟಕ್ಕೆನ್ನಬಾರದು ಎಂದಿದ್ದ ಬಿಲ್ಡರನ ವಕೀಲ. ಹಾಳಾಗಿ ಹೋಗಲಿ ಎಂದು ಟೈಲರಮ್ಮ ಒಪ್ಪಿದ್ದಳು. ಗೋಡೆಯ ಬೂಷ್ಟಿನಿಂದ ಉಬ್ಬಸ ಹತ್ತಿದ್ದ ಗಂಡ ಈಗ ಒಳಕೋಣೆಯಲ್ಲಿ ರಾಜನ ಹಾಗೆ ಗೊರಕೆ ಹೊಡೆಯುತ್ತಿದ್ದ.

"ಏನಾದ್ರೂ ಹೇಳಿ, ಅಕ್ಕಾ."

ಟೈಲರಮ್ಮ ನರ್ಸಿನ ಕೈ ಹಿಡಿದು ಗೋಡೆಯ ಮೇಲಿಟ್ಟಳು. ಗೋಡೆ ಒಣಗಿ ನುಣ್ಣಗಿತ್ತು. ನರ್ಸು ಅದನ್ನು ಸವರಿದಳು, ಒಳಗಿನ ಗೊರಕೆ ಕೇಳಿಸಿಕೊಂಡಳು, ಅರ್ಥವಾದಂತೆ ತಲೆಯಾಡಿಸಿದಳು.

ನರ್ಸು ಹೊರಡುವಾಗ ಟೈಲರಮ್ಮ ತನ್ನ ಕೊರಳಿನ ಟೇಪು ತೆಗೆದು, ಮಗುವಿನ ಮುಖಕ್ಕೆ ತಾಗದಂತೆ, ನರ್ಸಿನ ಕೊರಳಿಗೆ ಹಾಕಿದಳು.