ಯಜಮಾನರಿಗೆ ಹೇಳಿದ್ವಲ್ಲಮ್ಮಾ

"ನಿಮ್ಮ ಯಜಮಾನರಿಗೆ ಹೇಳಿದ್ವಲ್ಲಮ್ಮಾ. ಅವರು ಹೇಳ್ಲಿಲ್ವಾ?"

ಬೇಕರಿ ಕೆಲಸದಲ್ಲಿ ಒಲೆ ತಗುಲಿ ಸುಟ್ಟಿದ್ದ ಅವಳ ಮುಂಗೈಗೆ ಮುಲಾಮು ಹಚ್ಚುತ್ತಿದ್ದ ನರ್ಸ್ ಕೈ ನಿಲ್ಲಿಸಿ ಕೇಳಿದಳು.

"ಏನು ಹೇಳ್ಬೇಕಿತ್ತು?"

"ಗರ್ಭಕೋಶದ ಬಾಯಿಂದ ಸ್ಯಾಂಪಲ್ ತಗೊಂಡಿದ್ವಲ್ಲ, ಬೇಸಿಗೆಗೆ ಮುಂಚೆ. ರಿಪೋರ್ಟ್ ಸರಿ ಬಂದಿರ್ಲಿಲ್ಲ. ಇನ್ನೊಂದು ಪರೀಕ್ಷೆಗೆ ಬನ್ನಿ ಅಂತ ಫೋನ್ ಮಾಡಿದ್ವಿ. ಕರ್ಕೊಂಡು ಬರ್ತೀನಿ ಅಂದ್ರು."

ಬೇಸಿಗೆ ಕಳೆದು, ಮಳೆಯೂ ಮುಗಿಯುತ್ತ ಬಂದಿತ್ತು.

"ಗರ್ಭಕೋಶ ಅವರದಾ, ನನ್ನದಾ ಸಿಸ್ಟರ್?"

ಹೊರಗೆ ಕೂತಿದ್ದವರು ತಿರುಗಿ ನೋಡಿದರು. "ಸ್ವಲ್ಪ ಮೆಲ್ಲಗೆ," ಎಂದಳು ನರ್ಸ್.

"ಮೆಲ್ಲಗೇ ಮಾತಾಡ್ಕೊಂಡು ಬಂದಿದ್ದಕ್ಕೇ ಹಿಂಗಾಗಿದ್ದು."

ಗಲಾಟೆ ಕೇಳಿ ಡಾಕ್ಟರಮ್ಮ ಒಳಗೆ ಕರೆದರು. ರಿಪೋರ್ಟ್ ಸರಿ ಇಲ್ಲ ಅಂದರೆ ಕ್ಯಾನ್ಸರ್ ಅಂತಲ್ಲ, ಜೀವಕೋಶಗಳು ಬದಲಾಗಿವೆ, ಭೂತಗನ್ನಡಿಯಂಥದ್ದರಲ್ಲಿ ನೋಡಿ, ಬೇಕಾದರೆ ಸಣ್ಣ ತುಣುಕು ತೆಗೆದು ಪರೀಕ್ಷಿಸಬೇಕು ಎಂದರು. ಒಂದು ವೈರಸ್ಸಿನಿಂದ ಹೀಗಾಗುತ್ತದೆ, ಗಂಡಹೆಂಡಿರ ನಡುವೆ ಹರಡುತ್ತದೆ, ಎಷ್ಟೋ ವರ್ಷ ಸುಮ್ಮನೆ ಒಳಗೇ ಇರಬಹುದು. "ಯಾವಾಗ ಬಂತು, ಯಾರಿಂದ ಬಂತು ಅಂತ ಯಾರೂ ಹೇಳೋಕಾಗಲ್ಲಮ್ಮ."

ಅವಳಿಗೆ ಥಟ್ಟನೆ ಹೊಳೆಯಿತು. ಬೇಸಿಗೆಯಿಂದ ಈಚೆಗೆ ಗಂಡ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಕೆಲಸದ ಸುಸ್ತು ಅಂದುಕೊಂಡು ಅವನ ಕಾಲು ಒತ್ತಿದ್ದಳು.

ಮನೆಯಲ್ಲಿ ಅವನು ರಿಪೇರಿಗೆ ಬಂದ ಯಾರದೋ ಫ್ಯಾನು ಬಿಚ್ಚಿ ಹರಡಿಕೊಂಡು ಕೂತಿದ್ದ.

"ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ."

ಅವನು ತಲೆ ಎತ್ತಲಿಲ್ಲ. "ಹೆದರ್ಕೋತೀಯಾ ಅಂತ ಹೇಳ್ಲಿಲ್ಲ."

"ನಿಜ ಹೇಳಿ."

ಸ್ಕ್ರೂಡ್ರೈವರ್ ಕೆಳಗಿಟ್ಟ. "ಫೋನಲ್ಲಿ ವೈರಸ್ ಅಂದ್ರು. ಅದು ಹೆಂಗೆ ಬರುತ್ತೆ ಅಂತ ಓದ್ದೆ. ಬೇಕರಿಲಿ ಅಷ್ಟೊಂದು ಜನ ಗಂಡಸರು... ನನ್ನ ತಲೆ ಕೆಟ್ಟುಹೋಯ್ತು ಕಣೇ."

"ನನ್ನ ಮೇಲೆ ಅನುಮಾನ ಬಂತು. ಅದಕ್ಕೆ ಇವಳು ಸತ್ತರೂ ಪರವಾಗಿಲ್ಲ ಅಂತ ನೀನು ಸುಮ್ಮನಿದ್ದೆ."

"ಹಂಗಲ್ಲ..."

"ಮತ್ತೆ ಹೆಂಗೆ? ನಾನು ಹಾಕಿದ ಅನ್ನ ತಿಂದುಕೊಂಡು ದಿನಾ ನನ್ನ ಮುಖ ನೋಡ್ತಿದ್ಯಲ್ಲ, ಏನು ಹುಡುಕ್ತಿದ್ದೆ ನೀನು? ಮುಂಚೆ ನೀನು ಲಾರಿ ಓಡಿಸ್ಕೊಂಡು ಊರೂರು ತಿರುಗ್ತಿದ್ದಾಗ ನಾನೊಂದು ದಿನನಾದ್ರೂ ಕೇಳಿದ್ನಾ?"

ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದಿದ್ದು ಅದೇ ಮೊದಲು. ಅದು ಇಬ್ಬರಿಗೂ ಗೊತ್ತಾಯಿತು. ಅವಳು ತಿದ್ದಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಅವನು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟ. "ಬೇಡ," ಎಂದು ಒಬ್ಬಳೇ ಹೋದಳು. ಆಸ್ಪತ್ರೆಯಲ್ಲಿ ಮೊದಲು ಅವನ ಫೋನ್ ನಂಬರ್ ತೆಗೆಸಿ ತನ್ನದನ್ನು ಬರೆಸಿದಳು. ಪರೀಕ್ಷೆಯ ಮಂಚದ ಮೇಲೆ ಅವಳ ಕಾಲುಗಳು ಬಿಗಿದುಕೊಂಡಿದ್ದವು. "ಸಡಿಲ ಬಿಡಿ," ಎಂದರು ಡಾಕ್ಟರಮ್ಮ. "ಹೆದರಿಕೆನಾ?"

"ಅಲ್ಲ ಡಾಕ್ಟ್ರೇ, ಸಿಟ್ಟು."

ಆಸ್ಪತ್ರೆಯಿಂದ ಫೋನ್ ಬಂದಾಗ ಅವಳು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಮುಂದೆ ಆಗಬಹುದು, ಕೆಟ್ಟ ಭಾಗವನ್ನಷ್ಟೇ ತೆಗೆಯುತ್ತೇವೆ, ಅದೇ ದಿನ ಮನೆಗೆ ಹೋಗಬಹುದು, ಆಮೇಲೂ ತಪ್ಪದೆ ಬಂದು ತೋರಿಸಬೇಕು ಎಂದರು. ಕೇಳಿಕೊಂಡು, "ಬರ್ತೀನಿ" ಎಂದಳು.

ಸಂಜೆ ಅವನು ಬೇಕರಿಯ ಮುಂದೆ ಬಂದು ನಿಂತ. ಗಾಜಿನ ಆಚೆ ಅವನ ಬಾಯಿ ಅಲುಗಿತು: ಏನಂದ್ರು?

ಅವಳು ಬಟ್ಟೆ ಒದ್ದೆ ಮಾಡಿಕೊಂಡು, ಒಳಗಿನಿಂದ ಅವನ ಮುಖದ ನೇರಕ್ಕೆ ಗಾಜು ಒರೆಸತೊಡಗಿದಳು.