ಖಾನಾಪುರದಿಂದ ಬಂದ ಲಲತ್

ಬೆಳಗಾವಿಯ ಶಹಾಪುರದಲ್ಲಿ ಸೀರೆ ಅಂಗಡಿ ನಡೆಸುವ ಶಾಂತಿನಾಥ ಉಪಾಧ್ಯೆ ಮೊಬೈಲಿನಲ್ಲಿ ಒಂದು ಗುಂಪು ಮಾಡಿದ್ದರು. ಅದರ ಹೆಸರು ‘ಇವತ್ತೇನು ಕೇಳಿದಿರಿ’. ಶಾಸ್ತ್ರೀಯ ಸಂಗೀತದ ಹುಚ್ಚಿರುವ ಬೆಳಗಾವಿ ಸುತ್ತಿನವರು ತಾವು ಸದ್ಯ ಏನು ಕೇಳುತ್ತಿದ್ದೇವೆಂದು ಅಲ್ಲಿ ಹಾಕಬೇಕು, ಯಾಕೆ ಕೇಳುತ್ತಿದ್ದೇವೆಂದು ಎರಡು ಮಾತು ಬರೆಯಬೇಕು. ಶುಭೋದಯದ ಹೂಗಳಿಗೂ ರಾಜಕೀಯಕ್ಕೂ ಜಾಗವಿರಲಿಲ್ಲ. ಹಿಂಡಲಗಾ ಕಡೆಯ ಒಬ್ಬ ನಿವೃತ್ತ ಮಾಸ್ತರರು ಮಳೆಗಾಲ ಶುರುವಾದಾಗಿನಿಂದ ಮಾಲಕಂಸ ರಾಗವೊಂದಕ್ಕೇ ಅಂಟಿಕೊಂಡಿದ್ದರು. ಕೋಟೆಯ ಹತ್ತಿರ ದವಾಖಾನೆ ಇಟ್ಟಿರುವ ಹಲ್ಲಿನ ಡಾಕ್ಟರಮ್ಮ ಸರೋದ್ ಬಿಟ್ಟು ಬೇರೇನನ್ನೂ ಹಾಕುತ್ತಿರಲಿಲ್ಲ.

ಶಾಂತಿನಾಥರ ಹೆಂಡತಿ ಸುಹಾಸಿನಿ ಅಲ್ಲಿ ಬರೆಯುತ್ತಿದ್ದುದು ಅಪರೂಪ. ಬರೆದರೆ ಮಾತ್ರ ಎಲ್ಲರೂ ಮರ್ಯಾದೆಯಿಂದ ಓದುತ್ತಿದ್ದರು. ಆಕೆ ದಿವಂಗತ ಚನ್ನಬಸಯ್ಯನವರ ಹತ್ತಿರ ಹರೆಯದಿಂದಲೂ ಕಲಿತವರು. ಈಗ ಮನೆಯಲ್ಲೇ ನಾಲ್ಕಾರು ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದರು.

ಆಷಾಢದ ಒಂದು ಬೆಳಿಗ್ಗೆ ಗುಂಪಿಗೆ ಹೊಸದಾಗಿ ಸೇರಿದ್ದ ಖಾನಾಪುರದ ಕಲ್ಮೇಶ ಎಂಬವರು ಒಂದು ಧ್ವನಿಮುದ್ರಣ ಹಾಕಿದರು. ‘ಸದ್ಯ ನಾನು ಇದನ್ನೇ ಕೇಳುತ್ತಿದ್ದೇನೆ. ಲಲತ್ ರಾಗ’ ಎಂದಷ್ಟೇ ಬರೆದಿದ್ದರು. ಸುಹಾಸಿನಿ ರೊಟ್ಟಿ ಬಡಿಯುತ್ತ ಅದನ್ನು ಹಚ್ಚಿದರು. ನಡುವಯಸ್ಸು ದಾಟಿದ ಒಬ್ಬ ಹೆಂಗಸಿನ ದನಿ. ಆಲಾಪ ಮುಗಿದು ಚೀಜಿನ, ಅಂದರೆ ರಾಗದಲ್ಲಿ ಕಟ್ಟಿದ ಹಾಡಿನ, ಮೊದಲ ಸಾಲು ಬಂದ ಕೂಡಲೇ ಅವರ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂದು ಶಾಂತಿನಾಥರೇ ಒಲೆ ಆರಿಸಬೇಕಾಯಿತು.

ಅದು ಗುರು ಚನ್ನಬಸಯ್ಯನವರು ತಾವೇ ಕಟ್ಟಿದ ಚೀಜು. ಯಾವ ಪುಸ್ತಕದಲ್ಲೂ ಇಲ್ಲದ್ದು. ಕಲಿಸಿ ಮುಗಿಸಿದ ದಿನ ಅಯ್ಯನವರು, ಇದು ನಿನಗೊಬ್ಬಳಿಗೇ ಕೊಟ್ಟದ್ದು, ಇನ್ನೊಬ್ಬರ ಕೈಗೆ ಹೋಗಬಾರದು ಎಂದಿದ್ದರು. ಸುಹಾಸಿನಿ ಆ ಮಾತನ್ನು ವ್ರತದ ಹಾಗೆ ಪಾಲಿಸಿದ್ದರು. ಸಭೆಯಲ್ಲಿ ಹಾಡಿರಲಿಲ್ಲ, ಶಿಷ್ಯೆಯರಿಗೆ ಹೇಳಿಕೊಟ್ಟಿರಲಿಲ್ಲ. ಬೆಳಗಿನ ರಿಯಾಜಿನಲ್ಲಿ ತಮ್ಮ ಪಾಡಿಗೆ ತಾವು ಹಾಡಿಕೊಳ್ಳುತ್ತಿದ್ದರು, ಅಷ್ಟೇ. ಶಿಷ್ಯೆಯರೆದುರು ಆಗಾಗ, ಅಯ್ಯನವರು ನನಗೊಬ್ಬಳಿಗೇ ಕೊಟ್ಟ ಲಲತ್ ಒಂದಿದೆ, ನನ್ನ ಹತ್ತಿರ ಇರುವುದು ಅದೊಂದೇ ಆಸ್ತಿ ಎನ್ನುತ್ತಿದ್ದುದುಂಟು.

ಹಾಡಿದವರು ಯಾರೆಂದು ಗುಂಪಿನವರು ಕೇಳಿದರು. ‘ನಮಗೆ ಬೇಕಾದವರು. ಹೆಸರು ಹೇಳಬೇಡ ಅಂದಿದ್ದಾರೆ’ ಎಂದು ಕಲ್ಮೇಶ ಬರೆದರು. ಹಲ್ಲಿನ ಡಾಕ್ಟರಮ್ಮನಿಗೆ ಇದು ಕಂಪ್ಯೂಟರಿನಿಂದ ಮಾಡಿಸಿದ ದನಿ ಎಂದು ಅನುಮಾನ. ಈಗೀಗ ಎಂಥ ದನಿಯನ್ನಾದರೂ ಹುಟ್ಟಿಸುತ್ತಾರೆ ಎಂದು ಅವರು ವಾದಿಸಿದರು. ಸುಹಾಸಿನಿ ಒಪ್ಪಲಿಲ್ಲ. ಮುದ್ರಣದ ನಡುವೆ ಎಲ್ಲೋ ಕುಕ್ಕರ್ ಕೂಗಿತ್ತು, ಹಾಡುವಾಕೆ ಅದು ನಿಲ್ಲುವವರೆಗೆ ಕಾದು ಮುಂದುವರಿಸಿದ್ದಳು. ಎರಡು ಮಧ್ಯಮಗಳ ನಡುವೆ ಅಯ್ಯನವರು ತಡೆದು ಬಿಡುತ್ತಿದ್ದ ಉಸಿರೂ ಹಾಗೇ ಇತ್ತು. ಯಾರೋ ತಮ್ಮ ರಿಯಾಜನ್ನು ಕದ್ದು ಕೇಳಿ ಇನ್ನೊಬ್ಬಳ ಬಾಯಿಗೆ ಹಾಕಿದ್ದಾರೆ. ಆ ಯಾರೋ ಯಾರೆಂದು ಯೋಚಿಸಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ.

ತ್ರಿವೇಣಿ ಅವರ ಶಿಷ್ಯೆಯರಲ್ಲೇ ಮುಂದಿದ್ದವಳು. ತವರು ಖಾನಾಪುರ. ಮದುವೆಯಾಗಿ ಶಹಾಪುರಕ್ಕೆ ಬಂದವಳು ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತ, ಕಚೇರಿಗೆ ಹೋಗುವ ಮುಂಚೆ ಪಾಠಕ್ಕೆ ಬರುತ್ತಿದ್ದಳು. ಎಷ್ಟೋ ದಿನ ಸುಹಾಸಿನಿಯವರ ರಿಯಾಜು ಮುಗಿಯುವ ಮೊದಲೇ ಬಂದು ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ಪಾಠವನ್ನು ಮೊಬೈಲಿನಲ್ಲಿ ತುಂಬಿಕೊಳ್ಳಲು ಅವಳಿಗೆ ಅನುಮತಿ ಇತ್ತು.

ಮರುದಿನ ಅವಳು ಬಂದಾಗ ಸುಹಾಸಿನಿ ತಂಬೂರಿ ಶ್ರುತಿ ಮಾಡುತ್ತ ಸಹಜವಾಗಿ ಕೇಳಿದರು.

“ನಿಮ್ಮೂರಾಗ ಕಲ್ಮೇಶ ಅನ್ನಾವ್ರು ಯಾರರೆ ಗೊತ್ತೇನು? ಹಾಡೂದು ಕೇಳೂದು ಇರಾವ್ರು.”

ತ್ರಿವೇಣಿ ತಲೆ ಎತ್ತಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಊರು ಈಗ ಭಾಳ ಬೆಳದೈತ್ರಿ ಅಕ್ಕೋರ,” ಎಂದಳು.

ಗೊತ್ತು ಎಂದೂ ಹೇಳಲಿಲ್ಲ, ಗೊತ್ತಿಲ್ಲ ಎಂದೂ ಹೇಳಲಿಲ್ಲ. ಸುಹಾಸಿನಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಆ ಹುಡುಗಿಯ ಒಂದೊಂದು ಚಲನೆಯೂ ಅವರ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು. ಮೊಬೈಲನ್ನು ಯಾಕೆ ಬೋರಲು ಇಡುತ್ತಾಳೆ? ಲಲತ್ ಮಾತು ಬಂದರೆ ಯಾಕೆ ನೀರು ಕುಡಿಯಲು ಏಳುತ್ತಾಳೆ? ಪದೇ ಪದೇ ತವರಿಗೆ ಯಾಕೆ ಹೋಗುತ್ತಾಳೆ? ಪರೀಕ್ಷೆ ಮಾಡಿಯೇ ಬಿಡೋಣವೆಂದು ಒಂದು ದಿನ ಅವಳು ಪಡಸಾಲೆಯಲ್ಲಿ ಕೂತಿದ್ದಾಗ, ಅಯ್ಯನವರದೇ ಇನ್ನೊಂದು ಅಪರೂಪದ ಚೀಜನ್ನು, ತೋಡಿ ರಾಗದ್ದನ್ನು, ಬೇಕೆಂದೇ ಗಟ್ಟಿಯಾಗಿ ಹಾಡಿದರು. ಖಾನಾಪುರದಿಂದ ಅದೂ ಬರುತ್ತದೋ ಎಂದು ಗುಂಪನ್ನು ಗಳಿಗೆಗೊಮ್ಮೆ ತೆರೆದು ನೋಡಿದರು. ಬರಲಿಲ್ಲ. ಹುಡುಗಿ ಹುಷಾರಾಗಿದ್ದಾಳೆ ಎಂದುಕೊಂಡರು.

ನೇರವಾಗಿ ಕೇಳಿಬಿಡು ಎಂದು ಶಾಂತಿನಾಥರು ಹೇಳಿ ಹೇಳಿ ಸೋತರು. ಕಳ್ಳರು ಕೇಳಿದರೆ ಒಪ್ಪುತ್ತಾರೆಯೇ ಎಂಬುದು ಸುಹಾಸಿನಿಯ ಉತ್ತರ. ಕೊನೆಗೆ ಒಂದು ದಿನ, ಗಂಟಲು ಸರಿಯಿಲ್ಲ, ನಾನೇ ಹೇಳಿ ಕಳಿಸುವವರೆಗೆ ಬರಬೇಡ ಎಂದು ತ್ರಿವೇಣಿಗೆ ಹೇಳಿದರು. ಆ ಗಂಟಲು ಆಗಷ್ಟೇ ಒಂದು ತಾಸು ಹಾಡಿ ಮುಗಿಸಿತ್ತು. ತ್ರಿವೇಣಿ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದಳು.

ಹೆಂಡತಿಗೆ ನಿದ್ದೆ ಸರಿಯಾಗಿ ಬರದಿರುವುದನ್ನು ಕಂಡು ಶಾಂತಿನಾಥರು ಕಲ್ಮೇಶರಿಗೆ ಫೋನು ಮಾಡಿ, ಹಾಡಿದವರನ್ನು ನೋಡಲು ಬರಬಹುದೇ ಎಂದು ಕೇಳಿದರು. ಕಲ್ಮೇಶ ಮುಚ್ಚುಮರೆ ಮಾಡಿಯಾರು ಎಂದು ಸುಹಾಸಿನಿ ಬಾಜು ನಿಂತು ಕಿವಿಗೊಟ್ಟರು. ಆ ಮನುಷ್ಯ, ಅಗತ್ಯ ಬನ್ನಿ, ಊಟಕ್ಕೇ ಬನ್ನಿ ಎಂದರು. ಅದೂ ಸುಹಾಸಿನಿಗೆ ನಾಟಕದಂತೆ ಕೇಳಿಸಿತು.

ರವಿವಾರ ಗಂಡಹೆಂಡತಿ ಕಾರು ಮಾಡಿಕೊಂಡು ಖಾನಾಪುರಕ್ಕೆ ಹೋದರು. ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಮನೆ. ಕಲ್ಮೇಶ ಅರಣ್ಯ ಇಲಾಖೆಯ ನೌಕರರು, ಮಾತು ಮೃದು. ಅವರೂ ಶಾಂತಿನಾಥರೂ ಮರಾಠಿಯಲ್ಲಿ ಮಳೆಯ ಬಗ್ಗೆ, ರಸ್ತೆಯ ಬಗ್ಗೆ ಮಾತಾಡುತ್ತಿರುವಾಗ ಸುಹಾಸಿನಿ ಗೋಡೆಗಳನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಬಿಳಿಗೂದಲಿನ ಹೆಂಗಸೊಬ್ಬರು ಚಹಾ ತಂದರು. ಇವರು ನಮ್ಮಕ್ಕ ಪ್ರಮಿಳಾ, ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದರು, ಈಗ ನಿವೃತ್ತಿ; ಆ ಹಾಡು ಇವರದೇ ಎಂದು ಕಲ್ಮೇಶ ಪರಿಚಯಿಸಿದರು.

ಸುಹಾಸಿನಿ ಚಹಾ ಮುಟ್ಟಲಿಲ್ಲ.

“ಆ ಚೀಜು ನಿಮಗ ಯಾರು ಕೊಟ್ರು?”

“ಅಯ್ಯಾರು,” ಎಂದರು ಪ್ರಮಿಳಾ. “ಚನ್ನಬಸಯ್ಯನವರು.”

ಪ್ರತಿ ಗುರುವಾರ ಅಯ್ಯನವರು ಖಾನಾಪುರಕ್ಕೆ ಬರುತ್ತಿದ್ದರಂತೆ. ಪ್ರಮಿಳಾ ಅವರ ತಂದೆ ಮನೆಯಲ್ಲಿ ಭಜನೆ ಇಟ್ಟುಕೊಳ್ಳುತ್ತಿದ್ದರು. ಭಜನೆಗೆ ಮುಂಚೆ ಮಗಳಿಗೆ ಪಾಠ. ನರ್ಸ್ ಕೆಲಸದ ಹುಡುಗಿ ಹಾಡುಗಾರಿಕೆ ಕಲಿಯುತ್ತಾಳೆಂದು ಮಂದಿ ಆಡಿಕೊಂಡಾರೆಂಬ ಅಂಜಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಹೆಸರು ಬೇಡವೆನ್ನುವ ಅಭ್ಯಾಸ ಹಾಗೇ ಉಳಿದುಬಿಟ್ಟಿತು. ಅಯ್ಯನವರು ಗುರುವಾರ ತಮಗೆ ಪಾಠ ಹೇಳುತ್ತಿರಲಿಲ್ಲವೆಂಬುದು ಸುಹಾಸಿನಿಗೆ ನೆನಪಾಯಿತು. ಅಂದು ಉಪವಾಸ, ಮಠಕ್ಕೆ ಹೋಗುತ್ತೇನೆ ಎನ್ನುತ್ತಿದ್ದರು.

ಪ್ರಮಿಳಾ ಮೆಲ್ಲಗೆ ಹಾಡಿ ತೋರಿಸಿದರು. ಎದುರು ಕೂತು ಕೇಳಿದ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಕದ್ದು ಕಲಿತ ಹಾಡಾಗಿರಲಿಲ್ಲ ಅದು.

“ಕೊಡೂ ಮುಂದ ನಿಮಗೇನರೆ ಹೇಳಿದ್ರೇನು?” ಎಂದು ಸುಹಾಸಿನಿ ಕೇಳಿದರು.

“ನಿನಗೊಬ್ಬಾಕಿಗೆ ಅಂದ್ರು.” ಪ್ರಮಿಳಾ ನಕ್ಕರು. ಎದುರಿನ ಮುಖ ನೋಡಿ ನಗು ನಿಲ್ಲಿಸಿದರು. “ನಿಮಗೂ ಹಂಗ ಅಂದಿದ್ರೇನ್ರಿ? ಖರೇ ಹೇಳ್ಬೇಕಂದ್ರ ನಾ ಅದನ್ನ ಅಷ್ಟು ಮನಸಿಗೆ ಹಚ್ಕೊಂಡಿರಲಿಲ್ಲ. ಪ್ರೀತೀಲೆ ಅಂದಿರ್ತಾರ. ಇಲ್ಲಿ ಓಣ್ಯಾಗಿನ ಹುಡುಗ್ಯಾರೆಲ್ಲ ಅದನ್ನ ಕೇಳ್ಕೋತನ ಬೆಳದಾರ. ನಿಮ್ಮ ಹಂತೇಕ ಕಲಿಯೂ ತ್ರಿವೇಣಿ ಸುದ್ದಾ ಹಿತ್ತಲ ಕಟ್ಟಿ ಮ್ಯಾಲೆ ಬಂದು ಕುಂದರತಿದ್ಲು.”

ವಾಪಸು ಬರುವಾಗ ಸುಹಾಸಿನಿಗೆ ಅದೇ ಯೋಚನೆ. ಇಬ್ಬರಿಗೆ ಹೇಳಿದ ಮಾತನ್ನು ಅಯ್ಯನವರು ಇನ್ನೆಷ್ಟು ಜನರಿಗೆ ಹೇಳಿದ್ದರೋ. ನಿನ್ನ ಷಡ್ಜದಂಥ ಷಡ್ಜ ಕೇಳಿಲ್ಲ ಎಂದಿದ್ದರಲ್ಲ, ಅದನ್ನು ಯಾರಿಗೆಲ್ಲ ಹೇಳಿರಬಹುದು? ಇಷ್ಟು ವರ್ಷ ಜೋಪಾನ ಮಾಡಿದ ಒಂದೊಂದು ಹೊಗಳಿಕೆಯನ್ನೂ ತೆಗೆದು ತಿರುವಿ ನೋಡುತ್ತ, ಯಾವುದು ಖರೆ ಯಾವುದು ಅಲ್ಲ ಎಂದು ತಿಳಿಯದೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಸತ್ತವರನ್ನು ಕೇಳುವ ಹಾಗೂ ಇರಲಿಲ್ಲ.

ಬದುಕಿರುವವಳನ್ನು ಕೇಳಬಹುದಿತ್ತು. ಎರಡು ದಿನ ಧೈರ್ಯ ಮಾಡಿಕೊಂಡು ಸಂಜೆ ತ್ರಿವೇಣಿಯ ಮನೆಗೆ ಹೋದರು. ತ್ರಿವೇಣಿ ಚಾಪೆ ಹಾಸಿದಳು. ಖಾನಾಪುರಕ್ಕೆ ಹೋಗಿದ್ದನ್ನು ಸುಹಾಸಿನಿ ಹೇಳಿದರು. ಅವಳನ್ನು ಏನೆಂದು ತಿಳಿದಿದ್ದರೆಂಬುದನ್ನೂ ಮುಚ್ಚಿಡಲಿಲ್ಲ.

“ನನಗ ಗೊತ್ತಾಗಿತ್ರಿ,” ಎಂದಳು ತ್ರಿವೇಣಿ.

“ಮತ್ತ ಪ್ರಮಿಳಾಬಾಯಿ ಸುದ್ದಿ ಯಾಕ ಹೇಳಲಿಲ್ಲ?”

“ನನಗೊಬ್ಬಾಕಿಗೆ ಕೊಟ್ಟಾರ ಅಂತ ನೀವು ಹೇಳೂಮುಂದ ನಿಮ್ಮ ಮಾರಿ ನೋಡತಿದ್ದೆನ್ರಿ. ಹೆಂಗ ಹೇಳ್ಲಿ?”

ನಾಳೆ ಬಾ, ಆ ಚೀಜನ್ನೇ ನಿನಗೆ ಕಲಿಸುತ್ತೇನೆ ಎಂದರು ಸುಹಾಸಿನಿ. ತ್ರಿವೇಣಿ ತಲೆ ಅಲ್ಲಾಡಿಸಿದಳು.

“ಪಾಠಕ್ಕ ಬರ್ತೀನ್ರಿ ಅಕ್ಕೋರ. ಅದು ಮಾತ್ರ ಬ್ಯಾಡ್ರಿ. ನಾಳೆ ಎಲ್ಲರೆ ಅದು ಕೇಳಿಸಿದ್ರ, ಮತ್ತ ನನ್ನ ಮ್ಯಾಲೆ ಬರತೈತಿ.”

ಇನ್ನು ಹಾಗಾಗುವುದಿಲ್ಲ ಎಂದು ಹೇಳಲು ಸುಹಾಸಿನಿ ಬಾಯಿ ತೆರೆದರು. ಆ ಮಾತನ್ನು ತ್ರಿವೇಣಿ ನಂಬಬೇಕಾದ ಕಾರಣವೇನೂ ಇಲ್ಲವೆಂದು ಹೊಳೆದು ಹೊರಡಲು ಎದ್ದರು. ತ್ರಿವೇಣಿ ಎದ್ದು ಅವರಿಗೆ ಕುಂಕುಮ ಕೊಟ್ಟು, ಮಳೆ ಬರುತ್ತಿದೆ, ಸ್ವಲ್ಪ ನಿಂತು ಹೋಗಿ ಎಂದಳು. ಸುಹಾಸಿನಿ ನಿಲ್ಲಲಿಲ್ಲ.

ಶ್ರಾವಣದ ಮೊದಲ ವಾರದಲ್ಲಿ ತ್ರಿವೇಣಿ ಪಾಠಕ್ಕೆ ಮತ್ತೆ ಬರತೊಡಗಿದಳು. ಸುಹಾಸಿನಿಯವರ ರಿಯಾಜು ಮುಗಿದ ಮೇಲೆ, ಸರಿಯಾಗಿ ಹೇಳಿದ ಸಮಯಕ್ಕೆ ಬರುತ್ತಾಳೆ, ಒಂದು ನಿಮಿಷವೂ ಮುಂಚೆ ಬರುವುದಿಲ್ಲ.